ಅಪ್ಪನ ಹತ್ತಿರ ಉಳಿದಿದ್ದು ಒಂದೇ ಮಾತು: ಚಿಲ್ಲರೆ

ಬೆಳಿಗ್ಗೆ ಆರೂಕಾಲಿರಬೇಕು. ಅಪ್ಪ ಹಾಲಿನ ಪ್ಯಾಕೆಟ್ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತು "ಚಿಲ್ಲರೆ" ಅಂದರು. ಅಮ್ಮ ಒಲೆ ಮುಂದಿದ್ದರು. ತಿರುಗಿಯೂ ನೋಡದೆ "ಫ್ರಿಡ್ಜ್ ಮೇಲೆ ಡಬ್ಬೀಲಿದೆ, ತಗೊಳ್ಳಿ" ಅಂದರು. ಅಪ್ಪ ಮತ್ತೆ "ಚಿಲ್ಲರೆ" ಅಂದರು. "ಡಬ್ಬೀಲಿದೆ ಅಂದ್ನಲ್ಲ!" ಅಂತ ಅಮ್ಮ ರೇಗಿದರು. ಮೂರನೇ ಸಲಕ್ಕೆ ತಿರುಗಿ ನೋಡಿದಾಗ ಅಪ್ಪನ ಬಾಯಿ ಎಡಕ್ಕೆ ಸೊಟ್ಟಗಾಗಿತ್ತು. ಹಾಲು ನೆಲದ ಮೇಲೆ ಹರಿಯುತ್ತಿತ್ತು.

ಅಪ್ಪ 31 ವರ್ಷ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು. ಹೆಚ್ಚು ಕಾಲ ಮೈಸೂರು–ಬೆಂಗಳೂರು ಸ್ಟಾಪಿಂಗ್ ಬಸ್ಸು. ಚಿಲ್ಲರೆ ಅನ್ನೋ ಮಾತು ಅವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತಿತ್ತು. ಹಾಗಾಗಿ ಅಮ್ಮನಿಗೆ ಏನೂ ಅನ್ನಿಸಲಿಲ್ಲ. ಬೇರೆ ಯಾವುದಾದರೂ ಅರ್ಥವಿಲ್ಲದ ಸದ್ದು ಬಂದಿದ್ದರೆ ಗಾಬರಿಯಾಗಿ ಮೊದಲೇ ತಿರುಗುತ್ತಿದ್ದೆ ಅಂತ ಅಮ್ಮ ಇವತ್ತಿಗೂ ಹಳಹಳಿಸುತ್ತಾರೆ. ಅದು ಒಂದು ನಿಮಿಷದ ಮಾತು. ನಿಜವಾಗಿ ಸಮಯ ಹೋಗಿದ್ದು ಆಮೇಲೆ.

ಪಕ್ಕದ ಮನೆಯವರು "ಗ್ಯಾಸ್ ಇರಬೇಕು" ಅಂದರು. ಸೋಡಾ ಕುಡಿಸಲು ನೋಡಿದರು, ಅದು ಬಾಯಿಂದ ಆಚೆ ಬಂತು. (ಕುಡಿಸಬಾರದು ಅಂತ ಆಮೇಲೆ ಗೊತ್ತಾಯಿತು. ನುಂಗೋ ಶಕ್ತಿಯೂ ಹೋಗಿರುತ್ತೆ, ಶ್ವಾಸಕೋಶಕ್ಕೆ ಇಳಿದುಬಿಡುತ್ತೆ.) ನಾನು ಬರುವ ಹೊತ್ತಿಗೆ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದಿದ್ದರು. ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಆದರೂ ಡ್ರಿಪ್ ಹಾಕಿ ಮಲಗಿಸಿದ್ದರು. ದೊಡ್ಡ ಆಸ್ಪತ್ರೆ ತಲುಪಿ ಸ್ಕ್ಯಾನ್ ಆಗುವಾಗ ಹನ್ನೊಂದೂವರೆ. ಪಾರ್ಶ್ವವಾಯು, ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಅಂದರು. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನಾವು ಮುಕ್ಕಾಲು ಗಂಟೆ ತಡವಾಗಿದ್ದೆವು. ತೊಡೆಯ ರಕ್ತನಾಳದಿಂದ ಸಣ್ಣ ಟ್ಯೂಬ್ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ವಿಧಾನವೂ ಇದೆ. ಆಯ್ದ ಕೆಲವರಿಗೆ ಅದನ್ನು 24 ಗಂಟೆವರೆಗೂ ಮಾಡುತ್ತಾರೆ. ಅಪ್ಪನ ಸ್ಕ್ಯಾನ್ ನೋಡಿ ಇವರಿಗೆ ಅದು ಆಗಲ್ಲ ಅಂದರು. ಬಿಪಿ ಮಾತ್ರೆ ತಗೋತಿದ್ರಾ ಅಂತ ಕೇಳಿದರು. ತಗೋತಿದ್ದರು, ನಾಲ್ಕು ತಿಂಗಳ ಹಿಂದಿನವರೆಗೆ. "ಚೆನ್ನಾಗಿದೀನಲ್ಲ" ಅಂತ ತಾವೇ ಬಿಟ್ಟಿದ್ದರು.

ಇದು 2022ರ ನವೆಂಬರ್. ಅಪ್ಪನಿಗೆ ಆಗ 63.

ವಾರ್ಡಿನಲ್ಲಿ ನಾಲ್ಕನೇ ದಿನಕ್ಕೆ ಕಣ್ಣು ತಿಳಿಯಾಯಿತು. ನನ್ನನ್ನು ನೋಡಿ ಗುರುತು ಹಿಡಿದರು, ಎಡಗೈಯಲ್ಲಿ ಕೆನ್ನೆ ಮುಟ್ಟಿದರು. ಬಾಯಿ ತೆರೆದು ಹೇಳಿದ್ದು ಮಾತ್ರ "ಚಿಲ್ಲರೆ." ನೀರು ಬೇಕಾದರೂ ಚಿಲ್ಲರೆ. ಬೆಡ್‌ಪ್ಯಾನ್ ಬೇಕಾದರೂ ಚಿಲ್ಲರೆ. ಅಮ್ಮ ಎಲ್ಲಿ ಅಂತ ಕೇಳೋದಕ್ಕೂ ಅದೇ. ಆದರೆ ದನಿ ಬೇರೆ ಬೇರೆ ಇರುತ್ತಿತ್ತು. ಕೇಳುವ ಚಿಲ್ಲರೆ, ಬೈಯುವ ಚಿಲ್ಲರೆ, ಗೋಗರೆಯುವ ಚಿಲ್ಲರೆ. ಒಂದು ಸಲ ಫಿಸಿಯೋಥೆರಪಿಯವರು ಬಲಗಾಲು ಎತ್ತಿ ಮಡಚಿದಾಗ ನೋವಿಗೆ "ಥೂ ನಿನ್ನ!" ಅಂದರು, ಸ್ಪಷ್ಟವಾಗಿ. ನಾವೆಲ್ಲ ಮಾತು ಬಂತು ಅಂತ ಹಿಗ್ಗಿದೆವು. ಇನ್ನೊಂದು ಸಲ ಹೇಳಿ ಅಂದರೆ ಚಿಲ್ಲರೆ.

ಆಮೇಲೆ ಓದಿ ತಿಳಿದಿದ್ದು. 1861ರಲ್ಲಿ ಪ್ಯಾರಿಸ್ ಹತ್ತಿರದ ಒಂದು ಆಸ್ಪತ್ರೆಯಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯರು ಲೆಬೋರ್ನ್ ಎಂಬ ರೋಗಿಯನ್ನು ನೋಡಿದರು. ಅವನಿಗೆ ಬರುತ್ತಿದ್ದ ಮಾತು ಒಂದೇ: "ತಾನ್." ಏನು ಕೇಳಿದರೂ "ತಾನ್ ತಾನ್." ಆಸ್ಪತ್ರೆಯಲ್ಲಿ ಅವನ ಹೆಸರೇ ತಾನ್ ಆಗಿಹೋಗಿತ್ತು. ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು. ಆದರೆ ಕೇಳುವವರಿಗೆ ತನ್ನ ಮಾತು ಅರ್ಥವಾಗದಿದ್ದರೆ ಸಿಟ್ಟು ಬರುತ್ತಿತ್ತು. ಅವನು ಸತ್ತ ಮೇಲೆ ಬ್ರೋಕಾ ಮೆದುಳನ್ನು ನೋಡಿದಾಗ ಎಡಭಾಗದ ಮುಂದಿನ ಜಾಗ ಹಾಳಾಗಿತ್ತು. ಮಾತು ಹೊರಡಿಸುವ ಕೆಲಸಕ್ಕೂ ಆ ಜಾಗಕ್ಕೂ ನಂಟಿದೆ ಅಂತ ಗೊತ್ತಾಗಿದ್ದು ಹಾಗೆ. ನಮ್ಮ ಅಪ್ಪನಿಗೂ ಪೆಟ್ಟಾಗಿದ್ದು ಸುಮಾರು ಅಲ್ಲೇ. ಅದನ್ನು ಓದಿದ ರಾತ್ರಿ ನನಗೆ ಒಂಥರಾ ಸಮಾಧಾನವಾಯಿತು. ಅಪ್ಪ ಒಬ್ಬರೇ ಅಲ್ಲ ಅಂತ.

ಇದಕ್ಕೆ ಅಫೇಸಿಯಾ ಅಂತ ಹೆಸರು. ಪಾರ್ಶ್ವವಾಯು ಹೊಡೆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಆದರೆ ಆ ಹೆಸರನ್ನು ನಾವು ಮೊದಲ ಸಲ ಕೇಳಿದ್ದು ಆಸ್ಪತ್ರೆಯಿಂದ ಮನೆಗೆ ಬಂದು ಹತ್ತು ವಾರವಾದ ಮೇಲೆ. ಡಿಸ್ಚಾರ್ಜ್ ಮಾಡುವಾಗ ಕಾಲಿಗೆ ವ್ಯಾಯಾಮ, ಬಿಪಿಗೆ ಮಾತ್ರೆ, ರಕ್ತ ತೆಳುವಾಗಲು ಮಾತ್ರೆ, ಉಪ್ಪು ಕಮ್ಮಿ, ಎಲ್ಲ ಹೇಳಿದರು. ಮಾತಿನ ಬಗ್ಗೆ ಕೇಳಿದರೆ "ನಿಧಾನಕ್ಕೆ ಬರುತ್ತೆ, ಮಾತಾಡಿಸ್ತಾ ಇರಿ" ಅಂದರು, ಅಷ್ಟೇ. ಮಾತಿಗೂ ಥೆರಪಿ ಇದೆ, ಅದನ್ನು ಬೇಗ ಶುರುಮಾಡಿದರೆ ಒಳ್ಳೇದು ಅಂತ ಒಂದು ಚೀಟಿ ಬರೆದುಕೊಡಲು ಎಷ್ಟು ಹೊತ್ತು ಬೇಕಿತ್ತು? ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆ ಹತ್ತು ವಾರ ನಮಗೆ ತೋಚಿದ್ದು ಮಾಡಿದೆವು. ಸೋದರತ್ತೆ ಬಜೆ ತಂದರು. ಮಾತು ಬರಲಿ ಅಂತ ಮಕ್ಕಳ ನಾಲಿಗೆಗೆ ತೇಯ್ದು ಹಚ್ಚುತ್ತಾರಲ್ಲ, ಅದೇ ಬಜೆ, ಜೇನುತುಪ್ಪದ ಜೊತೆ. ಅಪ್ಪ ಪಾಪ ಮಗುವಿನ ಹಾಗೆ ನಾಲಿಗೆ ಚಾಚಿದರು. ಸ್ವಂತ ತಂಗಿಯ ಮುಂದೆ ನಾಲಿಗೆ ಚಾಚಿ ಕೂತ ಅಪ್ಪನನ್ನು ನೋಡಲಾಗದೆ ನಾನು ಹಿತ್ತಲಿಗೆ ಹೋದೆ. ಲಕ್ವಕ್ಕೆ ಎಣ್ಣೆ ಹಚ್ಚುವವರ ಹತ್ತಿರ ಎರಡು ಸಲ ಹೋಗಿಬಂದೆವು. ಚಿಕ್ಕಪ್ಪ ಒಂದು ಸ್ಲೇಟು ತಂದು "ಬಾಯಲ್ಲಿ ಆಗದಿದ್ರೆ ಬರೀಲಿ ಬಿಡು" ಅಂದರು. ಬುದ್ಧಿವಂತಿಕೆ ಅಂತ ನಾವೂ ಅಂದುಕೊಂಡೆವು. ಅಪ್ಪ ಎಡಗೈಯಲ್ಲಿ ಬಳಪ ಹಿಡಿದು ಒಂದು "ಚ" ಬರೆದರು, ಅದರ ಪಕ್ಕ ಇನ್ನೊಂದು "ಚ." ಆಮೇಲೆ ಸ್ಲೇಟನ್ನು ದೂಡಿಬಿಟ್ಟರು. ನಾಲಿಗೆ ತೊದಲುವ ಕಾಯಿಲೆ ಬೇರೆ, ಇದು ಬೇರೆ. ಇಲ್ಲಿ ಕೆಟ್ಟಿರೋದು ನಾಲಿಗೆಯಲ್ಲ, ಭಾಷೆ. ಮಾತು ಹೋದ ಹಾಗೇ ಬರಹವೂ ಓದೂ ಹೋಗಿರುತ್ತೆ, ಸ್ವಲ್ಪವೋ ಪೂರ್ತಿಯೋ. ಬುದ್ಧಿ ಮಾತ್ರ ಹೋಗಿರಲ್ಲ. ಇದನ್ನು ನಮ್ಮ ನೆಂಟರಿಗೆ ಅರ್ಥ ಮಾಡಿಸೋದಕ್ಕೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

ಮೈಸೂರಲ್ಲೇ ಹುಟ್ಟಿ ಬೆಳೆದವಳು ನಾನು. ಮಾನಸಗಂಗೋತ್ರಿಯ 'ಸ್ಪೀಚ್ ಅಂಡ್ ಹಿಯರಿಂಗ್' ಮುಂದೆ ಸಾವಿರ ಸಲ ಓಡಾಡಿದೀನಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅನ್ನೋ ಪೂರ್ತಿ ಹೆಸರನ್ನು ಊರಲ್ಲಿ ಯಾರೂ ಹೇಳಲ್ಲ. ಅದು ಕಿವಿ ಕೇಳದ ಮಕ್ಕಳಿಗೆ ಅಂತಲೇ ನನ್ನ ತಲೆಯಲ್ಲಿತ್ತು. ನಮ್ಮ ಶಾಲೆಯ ಒಂದು ಹುಡುಗಿಯ ತಾಯಿ, ಮಗಳ ಹಿಯರಿಂಗ್ ಏಡಿಗೆ ಅಲ್ಲಿಗೆ ಹೋಗುವವರು, "ಮಿಸ್, ಅಲ್ಲಿ ವಯಸ್ಸಾದವರೂ ಬರ್ತಾರೆ, ಲಕ್ವ ಹೊಡೆದವರು" ಅಂದರು. ಮಾರನೇ ದಿನವೇ ರಜೆ ಹಾಕಿ ಹೋದೆ.

ಮೊದಲು ಪರೀಕ್ಷೆ. ಇಂಗ್ಲಿಷಿನಲ್ಲಿ ಹುಟ್ಟಿದ ಪರೀಕ್ಷೆಯಂತೆ, ಕನ್ನಡಕ್ಕೆ ಹೊಂದಿಸಿದ್ದು ಇದೆ. ಚಿತ್ರ ತೋರಿಸಿ ಏನಾಗ್ತಿದೆ ಹೇಳಿ ಅಂತಾರೆ. ಹೌದು–ಇಲ್ಲ ಪ್ರಶ್ನೆ ಕೇಳ್ತಾರೆ. ಪೆನ್ನು, ಬಾಚಣಿಗೆ ಇಟ್ಟು ಇದನ್ನು ಅದರ ಮೇಲಿಡಿ ಅಂತಾರೆ. ಹೇಳಿದ ಮಾತನ್ನು ತಿರುಗಿ ಹೇಳಿಸ್ತಾರೆ. ನೂರಕ್ಕೆ ಅಂಕ. 93.8ಕ್ಕಿಂತ ಕಮ್ಮಿ ಬಂದರೆ ಅಫೇಸಿಯಾ. ಅಪ್ಪನಿಗೆ 22 ಬಂತು. ಅರ್ಥ ಮಾಡಿಕೊಳ್ಳೋದರಲ್ಲಿ ಪರವಾಗಿಲ್ಲ, ಉದ್ದ ವಾಕ್ಯ ಹೇಳಿದರೆ ತಪ್ಪುತ್ತಾರೆ, ಆಡೋದರಲ್ಲಿ ತೀರಾ ಕಮ್ಮಿ ಅಂದರು. ಇದಕ್ಕೆ ತದ್ವಿರುದ್ಧ ಇರುವವರನ್ನೂ ಅಲ್ಲಿ ನೋಡಿದೆ. ಒಬ್ಬ ಅಜ್ಜಿ ನಿಲ್ಲದೆ ಮಾತಾಡುತ್ತಿದ್ದರು. ರಾಗ ಎಲ್ಲ ಕನ್ನಡದ್ದೇ. ಕಿವಿಗೊಟ್ಟು ಕೇಳಿದರೆ ಒಂದು ಮಾತಿಗೂ ಅರ್ಥವಿಲ್ಲ, ತಪ್ಪು ಮಾತಾಡ್ತಿದೀನಿ ಅನ್ನೋದೂ ಅವರಿಗೆ ಗೊತ್ತಿಲ್ಲ. ಅಪ್ಪನಿಗೆ ಗೊತ್ತಿತ್ತು. ಪ್ರತಿ ಸಲ ಚಿಲ್ಲರೆ ಅಂದ ಮೇಲೂ ಹಣೆ ಚಚ್ಚಿಕೊಳ್ಳುತ್ತಿದ್ದರು. ಯಾವುದು ವಾಸಿ ಅಂತ ನನಗೆ ಹೇಳೋಕಾಗಲ್ಲ.

ಥೆರಪಿ ಮಾಡಲು ಬಂದಿದ್ದು ಓದುತ್ತಿರುವ ಹುಡುಗಿ, ಕೇರಳದವಳು. ಅಲ್ಲಿ ವಿದ್ಯಾರ್ಥಿಗಳು ಥೆರಪಿ ಮಾಡ್ತಾರೆ, ದೊಡ್ಡವರು ಮೇಲ್ವಿಚಾರಣೆ ನೋಡ್ತಾರೆ. ಅವಳಿಗೆ ಕನ್ನಡವೇ ಆಗಷ್ಟೇ ಬರುತ್ತಿತ್ತು. ಅಯ್ಯೋ, ಇವಳೇನು ಅಪ್ಪನಿಗೆ ಕನ್ನಡ ಕಲಿಸ್ತಾಳೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಮೂರನೇ ದಿನ ಅವಳು ಕಾಫಿ ಲೋಟದ ಚಿತ್ರ ಹಿಡಿದು "ಕಾಫಿ ಬೇಗಾ?" ಅಂತ ಕೇಳಿದಳು. ಅಪ್ಪ ಹುಬ್ಬು ಗಂಟಿಕ್ಕಿದರು. ಅವಳು ಮತ್ತೆ "ಬೇಗಾ ಅಂಕಲ್?" ಅಂದಳು. ಅಪ್ಪ ತಲೆ ಅಲ್ಲಾಡಿಸಿದರು, ಎಡಗೈ ಎತ್ತಿ ತಡೆದರು, ಬಾಯಿ ಎರಡು ಸಲ ಹೊಂದಿಸಿಕೊಂಡರು. "ಬೇ... ಕಾ." ಅವಳಿಗೆ ಅರ್ಥವಾಗಲಿಲ್ಲ. "ಬೇ–ಕಾ" ಅಂತ ಮತ್ತೆ ಹೇಳಿ ಅಪ್ಪ ನಕ್ಕರು. ಸರ್ಕಾರಿ ಬಸ್ಸಲ್ಲಿ ಊರೆಲ್ಲ ಸುತ್ತಿದ ಮನುಷ್ಯನಿಗೆ ತಪ್ಪು ಕನ್ನಡ ಕೇಳಿ ತಡೆಯಲಾಗಲಿಲ್ಲ. ಚಿಲ್ಲರೆ ಬಿಟ್ಟು ಅವರಾಗೇ ಆಡಿದ ಮೊದಲ ಮಾತು ಅದು. ಹುಡುಗಿ ಬುದ್ಧಿವಂತೆ. ಆಮೇಲಿಂದ ಬೇಕಂತಲೇ ಒಂದೊಂದು ತಪ್ಪು ಹೇಳುತ್ತಿದ್ದಳು ಅಂತ ನನ್ನ ಅನುಮಾನ.

ಥೆರಪಿ ಅಂದರೆ ಬರೀ "ನೀರು ಅನ್ನಿ, ನೀರು ಅನ್ನಿ" ಅಂತ ಹೇಳಿಸೋದು ಅಂದುಕೊಂಡಿದ್ದೆ. ಹಾಗಲ್ಲ. ತೆಂಗಿನಕಾಯಿ ಚಿತ್ರ ನಡುವೆ ಇಟ್ಟು ಸುತ್ತ ಕೇಳ್ತಾರೆ: ಇದನ್ನು ಏನು ಮಾಡ್ತೀವಿ? ಒಡೀತೀವಾ, ತುರೀತೀವಾ? ಎಲ್ಲಿರುತ್ತೆ? ಗಟ್ಟಿಯಾ, ಮೆತ್ತಗಾ? ಹಾಗೆ ಸುತ್ತಮುತ್ತಲ ದಾರಿ ಸವೆಸಿದರೆ ನಡುವಿನ ಮಾತು ಸಿಗುತ್ತೆ ಅನ್ನೋ ಲೆಕ್ಕ. ಸಿಗದಿದ್ದರೆ ಸುಳಿವು ಕೊಡ್ತಾರೆ. "ಬೆಳಿಗ್ಗೆ ಎದ್ದು ಬಿಸಿಬಿಸಿ ಕುಡಿಯೋದು ಕಾ..." ಅಂದು ನಿಲ್ಲಿಸ್ತಾರೆ. "ಫಿ" ಅಪ್ಪನಿಂದ ಬರುತ್ತೆ. ಸುಳಿವನ್ನು ದಿನದಿಂದ ದಿನಕ್ಕೆ ಕಮ್ಮಿ ಮಾಡ್ತಾರೆ. ರಾಗವಾಗಿ ಹೇಳಿಸೋ ವಿಧಾನವೂ ಇದೆ, 1970ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಗಿದ್ದು. ಮಾತು ಹೋದವರೂ ಎಷ್ಟೋ ಸಲ ಹಾಡ್ತಾರಲ್ಲ, ಅದನ್ನು ಬಳಸಿಕೊಳ್ಳೋದು. ಎಡಗೈಯಲ್ಲಿ ಮೇಜು ತಟ್ಟುತ್ತಾ "ಊ–ಟ ಬೇ–ಕು" ಅಂತ ಎರಡೇ ಸ್ವರದಲ್ಲಿ ಎಳೆಯೋದು. ಅಪ್ಪನಿಗೆ ಇದು ಹಿಡಿಸಿತು. ಸನ್ನೆ ಮಾಡೋ ಹಾಗಿಲ್ಲ, ಬಾಯಲ್ಲೇ ಹೇಳಬೇಕು ಅಂತ ಕಟ್ಟಿಹಾಕಿ ದಿನಕ್ಕೆ ಮೂರು ಗಂಟೆ ಆಡಿಸೋ ಇನ್ನೊಂದು ಬಗೆ ಇದೆ. ಮನೇಲಿ ಇಸ್ಪೀಟಿನ ಹಾಗೆ ಚಿತ್ರದ ಕಾರ್ಡ್ ಇಟ್ಟು ಅದನ್ನೂ ನೋಡಿದೆವು. ಎರಡೇ ದಿನಕ್ಕೆ ಅಪ್ಪ ಕಾರ್ಡು ಎಸೆದರು. ಬಿಟ್ಟೆವು.

ಔಷಧಿಯಿಂದ ಮಾತು ಬರಿಸೋದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ಮಾತ್ರೆ ಇನ್ನೂ ಇಲ್ಲ. ತಲೆಗೆ ಸಣ್ಣ ಕರೆಂಟು, ಅಯಸ್ಕಾಂತದ ಅಲೆ ಕೊಟ್ಟು ಥೆರಪಿ ಮಾಡೋದರ ಬಗ್ಗೆ ಸಂಶೋಧನೆ ನಡೀತಿದೆ.

ಈಗ ಮದ್ದೂರಿನ ವಿಷಯ. ಇದನ್ನು ಹೇಳದಿದ್ದರೆ ಅಪ್ಪನ ಕಥೆಯೇ ಅಲ್ಲ.

ಒಂದು, ಎರಡು, ಮೂರು ಅಂತ ಶುರುಮಾಡಿಕೊಟ್ಟರೆ ಅಪ್ಪ ಇಪ್ಪತ್ತರವರೆಗೂ ಎಣಿಸುತ್ತಿದ್ದರು. ಸೋಮವಾರ ಅಂದರೆ ಭಾನುವಾರದವರೆಗೂ ಹೋಗುತ್ತಿದ್ದರು. ಆದರೆ ಮೊಮ್ಮಕ್ಕಳು ಎಷ್ಟು ಅಂದರೆ ಇಲ್ಲ. ಬಾಯಿಪಾಠದ ಮಾತು ಬೇರೆ ಕಡೆ ಉಳಿದಿರುತ್ತೆ, ಬೇಕು ಅಂತ ಹುಡುಕಿ ತೆಗೆಯೋ ಮಾತು ಸಿಗಲ್ಲ ಅಂತ ಹುಡುಗಿ ವಿವರಿಸಿದಳು. "ಅಂಕಲ್‌ಗೆ ಬೇರೆ ಏನು ಬಾಯಿಪಾಠ ಇದೆ?" ಅಂತ ಕೇಳಿದಳು. ದೇವರ ನಾಮ ಇರಬಹುದಾ ಅಂತ ಯೋಚಿಸ್ತಿದ್ದೆ. ಅಮ್ಮ ತಟ್ಟನೆ "ಸ್ಟಾಪು!" ಅಂದರು.

ಹುಡುಗಿ ಬಸ್ಸಿನ ಚಿತ್ರ ಇಟ್ಟಳು. ನಾನು "ಅಪ್ಪಾ, ಮೈಸೂರು ಬಿಡ್ತು, ರೈಟ್" ಅಂದೆ. ಅಪ್ಪ ಕುರ್ಚಿಯಲ್ಲಿ ನೆಟ್ಟಗಾದರು. "ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ, ಕೆಂಗೇರಿ..." ಹಳೇ ದನಿ, ಅದೇ ಎಳೆತ. ಕೆಂಗೇರಿ ಬಂದಾಗ "ಹೋಲ್ಡಾನ್" ಅಂತಲೂ ಸೇರಿಸಿದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಇದಾಗಿ ಎರಡು ವಾರಕ್ಕೆ ಒಂದು ಸಂಜೆ ಅಪ್ಪ ಏನೋ ಬೇಕು ಅಂತ ಹಟ ಹಿಡಿದರು. ನೀರಲ್ಲ, ಟಿವಿ ಅಲ್ಲ, ಬಾತ್‌ರೂಮ್ ಅಲ್ಲ. ಕೊನೆಗೆ ಅವರೇ ಕಣ್ಣು ಮುಚ್ಚಿ ಶುರುಮಾಡಿದರು. "ಶ್ರೀರಂಗಪಟ್ಟಣ. ಮಂಡ್ಯ. ಮದ್ದೂರು." ಅಲ್ಲಿ ನಿಂತರು. ಕಣ್ಣು ಬಿಟ್ಟು ನನ್ನನ್ನು ನೋಡಿದರು. ಕೈಯನ್ನು ಬಾಯಿಗೆ ಒಯ್ದರು.

"ವಡೆನಾ ಅಪ್ಪ? ಮದ್ದೂರು ವಡೆ?"

ಅಪ್ಪ ಎಡಗೈಯಲ್ಲಿ ನನ್ನ ತಲೆ ಮೇಲೆ ಪಟ್ ಅಂತ ಹೊಡೆದರು. ಇಷ್ಟು ಹೊತ್ತು ಬೇಕಾಯ್ತಾ ನಿಂಗೆ ಅನ್ನೋ ಹಾಗೆ.

ಅವತ್ತು ವಡೆ ತಿಂದೆವು. ಅವತ್ತಿಂದ ಅಪ್ಪ ಒಂದು ಮಾತಿಗೆ ಹೋಗಬೇಕಾದರೆ ಅದರ ಹಿಂದಿನ ಸ್ಟಾಪಿಂದ ಹತ್ತುತ್ತಾರೆ. ಗುರುವಾರ ಬೇಕಾದರೆ ಸೋಮವಾರದಿಂದ. ಮೊಮ್ಮಕ್ಕಳು ಎಷ್ಟು ಅಂದರೆ ಒಂದು ಅಂತ ಶುರುಮಾಡಿ, ಬೆರಳು ಮಡಚಿ, ಮೂರಕ್ಕೆ ನಿಲ್ಲಿಸುತ್ತಾರೆ. ಹೊತ್ತಾಗುತ್ತೆ, ಆದರೆ ತಲುಪುತ್ತೆ.

ಹೊತ್ತಾಗುತ್ತೆ ಅನ್ನೋದೇ ನಮ್ಮ ಮನೆಗೆ ಕಷ್ಟವಾಗಿದ್ದು. ಅಮ್ಮ ಮೊದಲಿಂದಲೂ ಅಪ್ಪನ ವಾಕ್ಯ ಮುಗಿಸಿ ಅಭ್ಯಾಸ. ನಾನು ಪ್ರೈಮರಿ ಶಾಲೆ ಟೀಚರ್, ಮಕ್ಕಳು "ಮಿಸ್ ಅದೂ..." ಅನ್ನೋವಾಗಲೇ ಉತ್ತರ ಹೇಳಿಬಿಡೋಳು. ಯಾರಾದರೂ "ಹೇಗಿದೀರಾ ಭಾವ" ಅಂತ ಅಪ್ಪನನ್ನು ಕೇಳಿದರೆ ನಾವಿಬ್ಬರೂ ಒಟ್ಟಿಗೆ "ಪರವಾಗಿಲ್ಲ, ಈಗ ಚೆನ್ನಾಗಿದಾರೆ" ಅಂತಿದ್ದೆವು. ಒಂದು ದಿನ ಹುಡುಗಿಯ ಮೇಲ್ವಿಚಾರಕರು ನಮ್ಮನ್ನು ಕೂರಿಸಿ ಹೇಳಿದರು: "ನಲವತ್ತೈದು ನಿಮಿಷ ನಾವು ಮಾತಾಡಿಸ್ತೀವಿ. ಮಿಕ್ಕ ಹೊತ್ತೆಲ್ಲ ನೀವು ಅವರಿಗೆ ಮಾತಾಡೋಕೇ ಬಿಡ್ತಿಲ್ಲ." ಬೇಜಾರಾಯಿತು. ಸುಳ್ಳೇನಲ್ಲ.

ಮನಸ್ಸಿನಲ್ಲಿ ಹತ್ತು ಎಣಿಸಿ ಆಮೇಲೆ ಬಾಯಿ ಬಿಡಿ ಅಂದರು. ಹತ್ತು ಎಷ್ಟು ಉದ್ದ ಅಂತ ನನಗೆ ಆಗಲೇ ಗೊತ್ತಾಗಿದ್ದು. ಅಪ್ಪ "ಅ... ಅ..." ಅಂತಿರುವಾಗ ಉತ್ತರ ನನಗೆ ಗೊತ್ತಿರುತ್ತೆ, ತುಟಿ ತುದೀಲಿರುತ್ತೆ, ಹೇಳಬಾರದು. ಅಮ್ಮ ಆರಕ್ಕೇ ಸೋಲುತ್ತಿದ್ದರು. ಬೇರೆ ಕೆಲವು ಕಲಿತೆವು. ಮಾತಾಡುವಾಗ ಟಿವಿ ಆರಿಸೋದು. ಒಂದು ಸಲಕ್ಕೆ ಒಂದೇ ವಿಷಯ. "ಏನು ತಿಂತೀರಾ" ಅನ್ನೋ ಬದಲು ಚೀಟಿಯಲ್ಲಿ ದೋಸೆ, ಉಪ್ಪಿಟ್ಟು ಅಂತ ದೊಡ್ಡದಾಗಿ ಬರೆದು ಮುಂದಿಡೋದು, ಬೆರಳಿಡಲಿ ಅಂತ. ಅರ್ಥವಾಗದಿದ್ದರೆ ಆಯ್ತು ಆಯ್ತು ಅಂತ ನಟಿಸದೆ, ಗೊತ್ತಾಗಲಿಲ್ಲ ಅಪ್ಪ ಅಂತ ನಿಜ ಹೇಳೋದು. ನಟಿಸಿದರೆ ಅವರಿಗೆ ತಕ್ಷಣ ಗೊತ್ತಾಗುತ್ತಿತ್ತು. ಮೂವತ್ತೊಂದು ವರ್ಷ ಪಾಸ್ ಮರೆತಿದೀನಿ ಅನ್ನೋರ ಮುಖ ನೋಡಿದವರಲ್ವಾ.

ನಡುವೆ ಎರಡು ತಿಂಗಳು ಎಲ್ಲ ನಿಂತುಹೋಯಿತು. ಅಪ್ಪ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಊಟ ಬೇಡ, ಥೆರಪಿ ಬೇಡ, ಹೋಗಿ ಅಂತ ಕೈ ಬೀಸೋರು. ಇದನ್ನು ಸೋಮಾರಿತನ ಅಂತ ಬೈದೆ ಕೂಡ. ಪಾರ್ಶ್ವವಾಯು ಆದವರಲ್ಲಿ ಮೂರನೇ ಒಂದು ಭಾಗದಷ್ಟು ಜನಕ್ಕೆ ಖಿನ್ನತೆ ಬರುತ್ತೆ, ಅದಕ್ಕೂ ಚಿಕಿತ್ಸೆ ಬೇಕು ಅಂತ ನರರೋಗ ವೈದ್ಯರು ಮಾತ್ರೆ ಬರೆದರು. ಆರು ವಾರಕ್ಕೆ ಎದ್ದು ಕೂತರು. ಬೈದಿದ್ದಕ್ಕೆ ನಾನು ಕ್ಷಮೆ ಕೇಳಿದೆ. ಅಪ್ಪ "ಚಿಲ್ಲರೆ" ಅಂದರು. ಈ ಸಲ ಅದು ಬೇಕಂತಲೇ ಹೇಳಿದ ತಮಾಷೆ ಅಂತ ನನಗನ್ನಿಸಿತು.

ಆರು ತಿಂಗಳು ದಾಟಿದ ಮೇಲೆ ಇನ್ನೇನೂ ಬರಲ್ಲ ಅಂತ ಬಹಳ ಜನ ಹೇಳಿದರು. ಮೊದಲ ತಿಂಗಳುಗಳಲ್ಲಿ ಸುಧಾರಣೆ ಜಾಸ್ತಿ ಅನ್ನೋದು ನಿಜ. ಆಮೇಲೆ ಬಾಗಿಲು ಮುಚ್ಚುತ್ತೆ ಅನ್ನೋದು ನಿಜವಲ್ಲ. 2017ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನದಲ್ಲಿ, ಆರು ತಿಂಗಳ ಮೇಲೂ ಮಾತಿನ ತೊಂದರೆ ಉಳಿದಿದ್ದ 158 ಜನರನ್ನು ನೋಡಿದರು. ಮೂರು ವಾರ, ವಾರಕ್ಕೆ ಕನಿಷ್ಠ ಹತ್ತು ಗಂಟೆ ಥೆರಪಿ ಪಡೆದವರು ದಿನಬಳಕೆಯ ಮಾತಿನಲ್ಲಿ ಸುಧಾರಿಸಿದರು, ಕಾಯುವ ಪಟ್ಟಿಯಲ್ಲಿದ್ದವರು ಸುಧಾರಿಸಲಿಲ್ಲ. ನಮಗೆ ವಾರಕ್ಕೆ ಹತ್ತು ಗಂಟೆ ಎಲ್ಲಿ ಸಾಧ್ಯ? ವಾರಕ್ಕೆ ಮೂರು ದಿನ ಸಂಸ್ಥೆ, ಮಿಕ್ಕಿದ್ದು ಮನೆಯಲ್ಲಿ ನಾನು ಮತ್ತು ನನ್ನ ಮಗ. ತಾತನಿಗೆ ಚಿತ್ರ ತೋರಿಸಿ ಅಂಕ ಹಾಕೋದು ಅವನಿಗೆ ಬಲು ಇಷ್ಟ. ಒಂದೂವರೆ ವರ್ಷದ ಮೇಲೆ ಅದೇ ಪರೀಕ್ಷೆ ಮತ್ತೆ ಮಾಡಿದಾಗ 58 ಬಂತು.

ಬ್ಯಾಂಕಿನ ಸಂಗತಿ ಚುಟುಕಾಗಿ ಹೇಳ್ತೀನಿ, ಉದ್ದಕ್ಕೆ ಹೇಳಿದರೆ ಸಿಟ್ಟು ಬರುತ್ತೆ. ಪೆನ್ಷನ್ನಿನ ಲೈಫ್ ಸರ್ಟಿಫಿಕೇಟಿಗೆ ಹೋದಾಗ ಎಡಗೈ ಸಹಿ ಹೊಂದಲಿಲ್ಲ. ಅಧಿಕಾರಿ ಅಪ್ಪನನ್ನು "ನಿಮ್ಮ ಹೆಸರೇನು?" ಅಂತ ಕೇಳಿದರು. ಅಪ್ಪನಿಗೆ ಬರಲಿಲ್ಲ. ಕಿವುಡರೇನೋ ಅನ್ನೋ ಹಾಗೆ ಜೋರಾಗಿ ಕೂಗಿ ಕೇಳಿದರು. ಆಮೇಲೆ ಅಪ್ಪನ ಎದುರಿಗೇ ನನ್ನನ್ನು ಕೇಳಿದರು, "ಇವರಿಗೆ ಬುದ್ಧಿ ಸರಿ ಇದೆಯಾ?" ಹೆಬ್ಬೆಟ್ಟು ಒತ್ತಿಸಿ ಕೆಲಸವಾಯಿತು. ಅಂದಿನಿಂದ ಅಪ್ಪನ ಜೇಬಲ್ಲಿ ಲ್ಯಾಮಿನೇಟ್ ಮಾಡಿದ ಒಂದು ಕಾರ್ಡು ಇರುತ್ತೆ: "ನನಗೆ ಪಾರ್ಶ್ವವಾಯು ಆಗಿದೆ. ಮಾತು ಕಷ್ಟ. ನೀವು ಹೇಳೋದು ಅರ್ಥವಾಗುತ್ತೆ. ಸ್ವಲ್ಪ ಕಾಯಿರಿ." 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಫೇಸಿಯಾದ ಹೆಸರೂ ಇದೆ, ಮಾತು ಮತ್ತು ಭಾಷೆಯ ವೈಕಲ್ಯದ ಕೆಳಗೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು. ನಮಗೂ ತಡವಾಗಿ ಗೊತ್ತಾಯಿತು.

ಈಗ ಎರಡೂವರೆ ವರ್ಷ. ಅಪ್ಪ ಎರಡು ಮೂರು ಮಾತು ಜೋಡಿಸುತ್ತಾರೆ. "ಕಾಫಿ ಕೊಡು." "ಮಗ ಸ್ಕೂಲು?" ಕ್ರಿಯಾಪದದ ಬಾಲ ಎಷ್ಟೋ ಸಲ ಬಿದ್ದುಹೋಗಿರುತ್ತೆ. ಬಂದನೋ ಬಂದಳೋ ಬರುತ್ತಾರೋ ನಾವೇ ಊಹಿಸಬೇಕು. ಕಳೆದ ವಾರ ಬೀದಿಯಲ್ಲಿ ಸೊಪ್ಪಿನವನು ಹತ್ತು ರೂಪಾಯಿ ಕಮ್ಮಿ ಕೊಟ್ಟು ಹೊರಟಾಗ ಅಪ್ಪ ಗೇಟಿನ ಹತ್ತಿರ ನಿಂತು ಅಂಗೈ ಚಾಚಿ "ಚಿಲ್ಲರೆ!" ಅಂತ ಗದರಿದರು. ಸೊಪ್ಪಿನವನು ಕೊಟ್ಟ. ಅಪ್ಪ ನೋಟು ಹಿಡಿದುಕೊಂಡು ಒಳಗೆ ಬಂದ ಠೀವಿ ನೀವು ನೋಡಬೇಕಿತ್ತು.

ಸಂಕ್ರಾಂತಿಯಿಂದ ಒಂದು ಮಾತು ಹುಡುಕುತ್ತಿದ್ದಾರೆ. "ಕೊ" ಅಂತ ಶುರುವಾಗುತ್ತೆ. ಸ್ಟಾಪಿನ ಹೆಸರಲ್ಲ, ಕೇಳಿದೆವು. ತಿನ್ನೋದೂ ಅಲ್ಲ. ಜನರಿರಬೇಕು, ಯಾಕೆಂದರೆ ಮನುಷ್ಯನಾ ಅಂದಾಗ ತಲೆ ಹೌದು ಅನ್ನುತ್ತೆ, ಆಮೇಲೆ ಅಲ್ಲ ಅನ್ನುತ್ತೆ. ಅಡುಗೆಮನೆ ಕ್ಯಾಲೆಂಡರಿನ ಹಿಂದೆ ಪಟ್ಟಿ ಮಾಡಿದೀವಿ. ಕೊಡೆ, ಕೊಡಲಿ, ಕೊಬ್ಬರಿ, ಕೊಳಲು, ಕೊಟ್ಟಿಗೆ, ಕೊಳ್ಳೇಗಾಲದ ಅತ್ತೆ. ಯಾರಿಗಾದರೂ ಹೊಸದು ಹೊಳೆದರೆ ಬರೆದು, ಊಟಕ್ಕೆ ಕೂತಾಗ ಅಪ್ಪನಿಗೆ ಓದಿ ಹೇಳ್ತೀವಿ. ನಿನ್ನೆ ನನ್ನ ಮಗ "ಕೊನೇ ಸ್ಟಾಪು" ಅಂತ ಬರೆದಿದ್ದ. ಅಪ್ಪ ತುತ್ತು ಹಿಡಿದ ಕೈ ನಿಲ್ಲಿಸಿ, ಸ್ವಲ್ಪ ಯೋಚಿಸಿ, ಇಲ್ಲ ಅಂತ ತಲೆಯಾಡಿಸಿ, ಹುಳಿಗೆ ಉಪ್ಪು ಕಮ್ಮಿ ಅಂತ ಅಮ್ಮನಿಗೆ ಸನ್ನೆ ಮಾಡಿದರು.